ಒಂದು ಬಕೆಟ್ ನೀರು, ಒಂದು ಹಿಡಿ ಚಿಲ್ಲರೆ

ತಲೆಯ ಮೇಲೆ ಒಂದು ಬಕೆಟ್ ಐಸ್ ನೀರು ಸುರಿದುಕೊಂಡರೆ ಯಾವ ಕಾಯಿಲೆ ತಾನೇ ವಾಸಿಯಾದೀತು? ಹೆಚ್ಚೆಂದರೆ ನೆಗಡಿ ಬಂದೀತು. ಆದರೂ 2014ರ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಅಮೆರಿಕದ ಜನ ಬಕೆಟ್ ಹಿಡಿದು ಅಂಗಳಕ್ಕಿಳಿದರು. ನೀರು ಸುರಿದುಕೊಳ್ಳುವುದನ್ನು ವಿಡಿಯೊ ಮಾಡಿ ಫೇಸ್‌ಬುಕ್‌ಗೆ ಹಾಕುವುದು, ಒಂದಿಬ್ಬರು ಗೆಳೆಯರ ಹೆಸರು ಹೇಳಿ ಸವಾಲು ಒಡ್ಡುವುದು. ಸವಾಲು ಬಂದವರು 24 ಗಂಟೆಯೊಳಗೆ ತಾವೂ ಸುರಿದುಕೊಳ್ಳಬೇಕು, ಇಲ್ಲವೇ ಎ.ಎಲ್.ಎಸ್. ಎಂಬ ಕಾಯಿಲೆಯ ವಿರುದ್ಧದ ಹೋರಾಟಕ್ಕೆ 100 ಡಾಲರ್ ಕೊಡಬೇಕು. ಅನೇಕರು ಎರಡನ್ನೂ ಮಾಡಿದರು. ಬಿಲ್ ಗೇಟ್ಸ್ ತೋಯ್ದರು, ಮಾಜಿ ಅಧ್ಯಕ್ಷ ಜಾರ್ಜ್ ಬುಷ್ ತೋಯ್ದರು. ಆಗ ಅಧ್ಯಕ್ಷರಾಗಿದ್ದ ಒಬಾಮ ಮಾತ್ರ ತೋಯದೆ, ಹಣ ಕೊಟ್ಟು ಪಾರಾದರು.

ಎ.ಎಲ್.ಎಸ್. ಎಂಬುದು ಸ್ನಾಯುಗಳನ್ನು ನಡೆಸುವ ನರಕೋಶಗಳು ಒಂದೊಂದಾಗಿ ಸಾಯುವ ಕಾಯಿಲೆ. ಕೈ ಸೋಲುತ್ತದೆ, ಮಾತು ಸೋಲುತ್ತದೆ, ಕೊನೆಗೆ ಉಸಿರು. ರೋಗ ಪತ್ತೆಯಾದ ಮೇಲೆ ಬಹುತೇಕರು ಬದುಕುವುದು ಎರಡರಿಂದ ಐದು ವರ್ಷ. ಸ್ಟೀಫನ್ ಹಾಕಿಂಗ್ ಅವರಂಥವರು ಅಪವಾದ. ನೀರಿನ ಆಟ ಮೊದಲು ಬೇರೆ ಬೇರೆ ಸಂಸ್ಥೆಗಳ ಹೆಸರಿನಲ್ಲಿ ಇತ್ತು. ಅದನ್ನು ಎ.ಎಲ್.ಎಸ್. ಕಡೆಗೆ ತಿರುಗಿಸಿ ಬೆಂಕಿಯಂತೆ ಹಬ್ಬಿಸಿದವರು ಇದೇ ರೋಗದಿಂದ ನರಳುತ್ತಿದ್ದ ಇಬ್ಬರು ಯುವಕರು: ನ್ಯೂಯಾರ್ಕ್ ಬಳಿಯ ಪ್ಯಾಟ್ ಕ್ವಿನ್ ಹಾಗೂ ಬಾಸ್ಟನ್ ಕಡೆಯ ಬೇಸ್‌ಬಾಲ್ ಆಟಗಾರ ಪೀಟ್ ಫ್ರೇಟ್ಸ್.

ಫೇಸ್‌ಬುಕ್‌ನ ಲೆಕ್ಕದಂತೆ ಆ ಒಂದೇ ಬೇಸಿಗೆಯಲ್ಲಿ 1 ಕೋಟಿ 70 ಲಕ್ಷ ವಿಡಿಯೊಗಳು ಬಂದವು. ನೋಡಿದವರು 44 ಕೋಟಿ ಜನ. ಅಮೆರಿಕದ ಎ.ಎಲ್.ಎಸ್. ಅಸೋಸಿಯೇಷನ್‌ಗೆ 2013ರ ಜುಲೈ 29ರಿಂದ ಆಗಸ್ಟ್ 29ರವರೆಗೆ ಬಂದಿದ್ದ ದೇಣಿಗೆ 28 ಲಕ್ಷ ಡಾಲರ್. 2014ರ ಅದೇ ಅವಧಿಯಲ್ಲಿ ಬಂದದ್ದು 10 ಕೋಟಿ ಡಾಲರಿಗೂ ಹೆಚ್ಚು! ಹಬ್ಬ ಮುಗಿಯುವ ಹೊತ್ತಿಗೆ ಒಟ್ಟು ಹನ್ನೊಂದೂವರೆ ಕೋಟಿ ಡಾಲರ್. ಸಂಭ್ರಮದ ನಡುವೆ ಸಂಸ್ಥೆ ಒಂದು ಎಡವಟ್ಟನ್ನೂ ಮಾಡಿಕೊಂಡಿತು. ‘ಐಸ್ ಬಕೆಟ್ ಚಾಲೆಂಜ್’ ಎಂಬ ಹೆಸರನ್ನೇ ಟ್ರೇಡ್‌ಮಾರ್ಕ್ ಮಾಡಿಸಿಕೊಳ್ಳಲು ಅರ್ಜಿ ಹಾಕಿ, ಜನ ಛೀಮಾರಿ ಹಾಕಿದ ಮೇಲೆ ಹಿಂದಕ್ಕೆ ಪಡೆಯಿತು.

ಜನಸಾಮಾನ್ಯರ ಚಿಲ್ಲರೆ ಕೂಡಿಸಿ ಮಹಾರೋಗಕ್ಕೆ ಮದ್ದು ಹುಡುಕುವ ಯೋಚನೆ ಇಂಟರ್‌ನೆಟ್ ಹುಟ್ಟುವ ಮೊದಲಿನದು. 1921ರಲ್ಲಿ ಪೋಲಿಯೊಗೆ ತುತ್ತಾಗಿದ್ದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್, 1938ರಲ್ಲಿ ಆ ರೋಗದ ವಿರುದ್ಧ ಒಂದು ಪ್ರತಿಷ್ಠಾನ ಸ್ಥಾಪಿಸಿದರು. ಹಾಸ್ಯನಟ ಎಡ್ಡಿ ಕ್ಯಾಂಟರ್ ರೇಡಿಯೊದಲ್ಲಿ ಕೂತು, ಎಲ್ಲರೂ ಒಂದೊಂದು ಡೈಮ್ ಅಂದರೆ 10 ಸೆಂಟಿನ ನಾಣ್ಯವನ್ನು ನೇರ ಶ್ವೇತಭವನಕ್ಕೇ ಅಂಚೆಯಲ್ಲಿ ಕಳಿಸಿ ಎಂದು ಕರೆ ಕೊಟ್ಟ. ಬಂದ ಲಕೋಟೆಗಳ ರಾಶಿಯಲ್ಲಿ ಸರಕಾರದ ಕಾಗದಪತ್ರ ಹುಡುಕುವುದೇ ಕಷ್ಟವಾಯಿತು. ಎಣಿಸಿದಾಗ ಸಿಕ್ಕಿದ್ದು 26 ಲಕ್ಷ 80 ಸಾವಿರ ಡೈಮ್‌ಗಳು. ಅಂದಿನ ರೇಡಿಯೊ ಇಂದಿನ ಫೇಸ್‌ಬುಕ್ ಎನ್ನಬಹುದು; ಹಾಸ್ಯನಟನ ಕೆಲಸವೂ ಬದಲಾದಂತಿಲ್ಲ.

ಆದರೆ ಮುಂದಿನ ಕಥೆ ಬೇರೆ. ‘ಮಾರ್ಚ್ ಆಫ್ ಡೈಮ್ಸ್’ ಎಂದೇ ಹೆಸರಾದ ಆ ಸಂಸ್ಥೆ ಪ್ರತಿ ಜನವರಿಯಲ್ಲೂ ಜನರ ಬಾಗಿಲಿಗೆ ಬಂತು. 1950ರಲ್ಲಿ ಫೀನಿಕ್ಸ್ ನಗರದ ತಾಯಂದಿರು ರಾತ್ರಿ ಮನೆ ಮನೆ ಸುತ್ತಿದರು. ಕೊಡಲು ಮನಸ್ಸಿದ್ದವರು ಜಗಲಿಯ ದೀಪ ಹಚ್ಚಿಟ್ಟಿರುತ್ತಿದ್ದರು. ಹೀಗೆ ಕೂಡಿಬಂದ ಹಣದಿಂದಲೇ ಜೋನಾಸ್ ಸಾಕ್ ಅವರ ಲಸಿಕೆ ಸಿದ್ಧವಾಯಿತು. 1954ರಲ್ಲಿ 18 ಲಕ್ಷ ಮಕ್ಕಳು ಅದರ ಪ್ರಯೋಗದಲ್ಲಿ ಪಾಲ್ಗೊಂಡರು. ಲಸಿಕೆ ಫಲಕಾರಿ ಎಂಬ ಘೋಷಣೆ ಹೊರಬಿದ್ದದ್ದು 1955ರ ಏಪ್ರಿಲ್ 12ರಂದು. ಮೊದಲ ಡೈಮ್ ಅಂಚೆಗೆ ಬಿದ್ದು ಆಗ 17 ವರ್ಷ.

ಕರ್ನಾಟಕದ ಹಳೆಯ ಮನೆಗಳಿಗೆ ಈ ಲೆಕ್ಕ ಹೊಸದಲ್ಲ. ಅನ್ನಕ್ಕಿಡುವ ಮೊದಲು ಒಂದು ಹಿಡಿ ಅಕ್ಕಿಯನ್ನು ಬೇರೆ ಗಡಿಗೆಗೆ ಹಾಕಿಟ್ಟು ಮಠದ ದಾಸೋಹಕ್ಕೋ ಬಡ ವಿದ್ಯಾರ್ಥಿಗಳ ಊಟಕ್ಕೋ ಕೊಡುವ ‘ಮುಷ್ಟಿ ಅಕ್ಕಿ’ಯ ಪದ್ಧತಿಯಲ್ಲಿ ಯಾರೂ ಮೂಟೆ ಕೊಟ್ಟು ಹೆಸರು ಮಾಡುತ್ತಿರಲಿಲ್ಲ. ದಿನವೂ ಕೊಡುತ್ತಿದ್ದರು, ಅಷ್ಟೇ.

ಇಂಟರ್‌ನೆಟ್ಟಿನವರಿಗೂ ಇದು ಹೊಳೆಯದೆ ಇರಲಿಲ್ಲ. ಅಮೆರಿಕದ ಜಾನ್ ಬ್ರೀನ್ ಎಂಬಾತ 1999ರಲ್ಲಿ ‘ಹಂಗರ್ ಸೈಟ್’ ಆರಂಭಿಸಿದ. ಓದುಗ ದಿನಕ್ಕೊಮ್ಮೆ ಗುಂಡಿ ಒತ್ತಿದರೆ ಸಾಕು, ಹಸಿದವರ ಆಹಾರದ ಖರ್ಚು ಜಾಹೀರಾತುದಾರನದು. 2007ರಲ್ಲಿ ಆತನೇ ತಂದ ‘ಫ್ರೀರೈಸ್’ನಲ್ಲಿ ಪದದ ಅರ್ಥ ಸರಿಯಾಗಿ ಹೇಳಿದರೆ 10 ಕಾಳು ಅಕ್ಕಿ. ಬಕೆಟ್ಟಿನ ಗದ್ದಲದ ದಿನಗಳಲ್ಲೇ, ನೀರಿಗೆ ಬರವಿರುವ ನಾಡಿನಲ್ಲಿ ಇದೆಂಥ ಆಟ ಎಂದುಕೊಂಡ ಹೈದರಾಬಾದಿನ ಪತ್ರಕರ್ತೆ ಮಂಜುಲತಾ ಕಲಾನಿಧಿ ‘ರೈಸ್ ಬಕೆಟ್’ ಸವಾಲು ಹಾಕಿದರು: ಒಂದು ಬಕೆಟ್ ಅಕ್ಕಿಯನ್ನು ಹತ್ತಿರದ ಬಡವರಿಗೆ ಕೊಟ್ಟು ಫೋಟೊ ಹಾಕಿ. ಅದೂ ಹಬ್ಬಿತು. ಪಡೆದವನ ಮುಖವೂ ಫೋಟೊದಲ್ಲಿ ಬರಬೇಕೇ ಎಂಬ ಪ್ರಶ್ನೆ ಮಾತ್ರ ಉಳಿಯಿತು.

ಈ ಪ್ರಶ್ನೆ ಸಣ್ಣದಲ್ಲ. ಇಂಟರ್‌ನೆಟ್ಟಿನ ಹುಂಡಿ ತುಂಬಬೇಕಾದರೆ ಒಂದು ಮುಖ ಬೇಕು, ಒಂದು ಗಡುವು ಬೇಕು. 16 ಕೋಟಿ ರೂಪಾಯಿಯ ಒಂದು ಚುಚ್ಚುಮದ್ದು ಬೇಕಾದ ಹಸುಗೂಸುಗಳಿಗಾಗಿ ನಮ್ಮ ದೇಶದಲ್ಲಿಯೂ ಜನ ಮೊಬೈಲಿನಿಂದಲೇ ಹಣ ಕಳಿಸಿದ್ದಾರೆ. ಅದು ದೊಡ್ಡ ಮಾತೇ. ಆದರೆ ವರ್ಷಗಟ್ಟಲೆ ನಡೆಯಬೇಕಾದ ಪ್ರಯೋಗಶಾಲೆಗೆ ಮುಖವೂ ಇಲ್ಲ, ಗಡುವೂ ಇಲ್ಲ. ಎ.ಎಲ್.ಎಸ್. ಅಸೋಸಿಯೇಷನ್ 2015ರ ಆಗಸ್ಟ್‌ನಲ್ಲಿ ಬಕೆಟ್ಟನ್ನು ಮತ್ತೆ ಎತ್ತಲು ಹೋಯಿತು. ಹಿಂದಿನ ವರ್ಷದ ಅಲ್ಪ ಭಾಗವೂ ಬರಲಿಲ್ಲ. ಹೊಸ ಸುದ್ದಿಗೆ ಕಾದ ಕಣ್ಣಿಗೆ ಹಳೆಯ ಬಕೆಟ್ ಕಾಣಲಿಲ್ಲ ಎನ್ನಬೇಕು.

ಹಾಗೆಂದು ಬಂದ ಹಣ ನೀರುಪಾಲಾಗಲಿಲ್ಲ. ಸಂಸ್ಥೆ ಅದರಲ್ಲಿ 7 ಕೋಟಿ 70 ಲಕ್ಷ ಡಾಲರನ್ನು ಸಂಶೋಧನೆಗೆ ತೆಗೆದಿರಿಸಿತು. ಆ ನೆರವಿನಿಂದ 11 ದೇಶಗಳ 80ಕ್ಕೂ ಹೆಚ್ಚು ವಿಜ್ಞಾನಿಗಳು ಸೇರಿ, ರೋಗಕ್ಕೆ ನಂಟಿರುವ ‘ನೆಕ್1’ ಎಂಬ ಜೀನ್ ಅನ್ನು 2016ರಲ್ಲಿ ಗುರುತಿಸಿದರು. ಇದೇ ಹಣದ 22 ಲಕ್ಷ ಡಾಲರ್ ಪಡೆದು ಬೆಳೆದ ಔಷಧವೊಂದಕ್ಕೆ 2022ರ ಸೆಪ್ಟೆಂಬರ್‌ನಲ್ಲಿ ಅಮೆರಿಕ ಸರಕಾರದ ಒಪ್ಪಿಗೆಯೂ ಸಿಕ್ಕಿತು. ರೋಗಿಗಳ ಮನೆಗಳಲ್ಲಿ ಆಸೆ ಚಿಗುರಿತು. ಆದರೆ 2024ರಲ್ಲಿ, ಇನ್ನೂ ಹೆಚ್ಚು ಜನರ ಮೇಲೆ ನಡೆಸಿದ ಪ್ರಯೋಗದಲ್ಲಿ ಆ ಔಷಧ ಸೋತಿತು. ಏಪ್ರಿಲ್‌ನಲ್ಲಿ ಕಂಪನಿ ಅದನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಿತು. ಅಷ್ಟರಲ್ಲಿ ಫ್ರೇಟ್ಸ್ 2019ರಲ್ಲಿ, ಕ್ವಿನ್ 2020ರಲ್ಲಿ ತೀರಿಕೊಂಡಿದ್ದರು.

2025ರಲ್ಲಿ ಸೌತ್ ಕೆರೊಲಿನಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಐಸ್ ಬಕೆಟ್ಟನ್ನು ಮತ್ತೊಮ್ಮೆ ಎತ್ತಿದರು. ವಿಡಿಯೊಗಳು ಮತ್ತೆ ಹರಿದಾಡಿದವು. ಈ ಬಾರಿ ದೇಣಿಗೆ ಕೇಳಿದ್ದು ಮಾನಸಿಕ ಆರೋಗ್ಯಕ್ಕೆ.