ಹೇಳಿ ಮಾಡಿಸಿದ ಕೋವಿ, ಕಾರ್ಖಾನೆಯ ಕೋವಿ

ನಮ್ಮ ನಾಡಿನಲ್ಲಿ ಬೇಟೆಯು ಈಗ ಚರಿತ್ರೆಗೆ ಸೇರಿದ ವಿಷಯ. ೧೯೭೨ನೆಯ ಇಸವಿಯ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬಂದ ಮೇಲೆ ಹುಲಿಯನ್ನಾಗಲಿ ಕಾಟಿಯನ್ನಾಗಲಿ ವಿನೋದಕ್ಕಾಗಿ ಹೊಡೆಯುವುದು ಅಪರಾಧವಾಗಿದೆ; ಹಾಗಾದುದು ಒಳ್ಳೆಯದೇ ಆಯಿತೆಂದು ನಾವು ಭಾವಿಸುತ್ತೇವೆ. ಆದರೆ ಬೇಟೆಯನ್ನು ಬಿಟ್ಟೆವೆಂದು, ಅದರ ಆಶ್ರಯದಲ್ಲಿ ಬೆಳೆದ ಒಂದು ಕುಶಲ ವಿದ್ಯೆಯ ಕಥೆಯನ್ನೂ ಮರೆಯಬೇಕಾದ ಕಾರಣವಿಲ್ಲ. ಸುಮಾರು ೧೮೯೦ರಿಂದ ಐವತ್ತು ವರ್ಷಗಳ ಕಾಲ, ಕೈಯಲ್ಲಿ ರೈಫಲು ಹಿಡಿದು ಕಾಡಿಗೆ ಹೋಗುವವರೆಲ್ಲರೂ ಒಂದು ಪ್ರಶ್ನೆಗೆ ಉತ್ತರ ಹೇಳಿಕೊಳ್ಳಬೇಕಾಗಿತ್ತು. ಲಂಡನ್ನಿನ ಕುಶಲಕರ್ಮಿಯಿಂದ ತನ್ನ ಮೈಯಳತೆಗೆ ಹೇಳಿ ಮಾಡಿಸಿದ ಕೋವಿಯನ್ನು ಕೊಳ್ಳುವುದೆ? ಅಥವಾ ಕಾರ್ಖಾನೆಯಲ್ಲಿ ಸಾವಿರಗಟ್ಟಲೆ ತಯಾರಾಗಿ ಬರುವ ಕೋವಿಗಳಲ್ಲಿ ಒಂದನ್ನು ಕೊಳ್ಳುವುದೆ?

ಇದು ಶ್ರೀಮಂತರ ಶೋಕಿಯ ಪ್ರಶ್ನೆಯೆಂದು ಮೇಲುನೋಟಕ್ಕೆ ತೋರಬಹುದು. ಗಾಯಗೊಂಡ ಹುಲಿಯು ಹತ್ತು ಗಜದ ಪೊದೆಯಿಂದ ಎರಗುವಾಗ ಕೋವಿಯು ಹಾರದೆ ಹೋದರೆ ಏನಾಗುವುದೆಂದು ಯೋಚಿಸಿದರೆ, ಇದು ಪ್ರಾಣದ ಪ್ರಶ್ನೆಯೆಂಬುದು ತಾನಾಗಿಯೇ ತಿಳಿಯುತ್ತದೆ. ಗುರಿ ತಪ್ಪಿದ ಗುಂಡಿನಿಂದ ನರಳುತ್ತ ಕಾಡು ಸೇರುವ ಮೃಗದ ಪಾಡನ್ನೂ ಇದರೊಡನೆ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಮೊದಲು ಹೇಳಿ ಮಾಡಿಸಿದ ಕೋವಿಯನ್ನು ನೋಡೋಣ. ಕರಿಮದ್ದಿನ ಕಾಲದಲ್ಲಿ ದೊಡ್ಡ ಮೃಗಗಳಿಗೆ ದೊಡ್ಡ ಗುಂಡೇ ಬೇಕಾಗಿತ್ತು. ನಮ್ಮ ಮೈಸೂರು ಸೀಮೆಯಲ್ಲಿ ಖೆಡ್ಡಾ ಕಾರ್ಯವನ್ನು ನಡೆಸಿದ ಸ್ಯಾಂಡರ್ಸನ್ ಸಾಹೇಬರು ೧೮೭೮ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಆನೆಯ ಬೇಟೆಗೆ ಭಾರವಾದ ಕೋವಿಗಳನ್ನೇ ಎತ್ತಿಹಿಡಿದಿದ್ದಾರೆ. ಎಂಟು ಬೋರಿನ ಕೋವಿಯೆಂದರೆ ಒಂದು ಪೌಂಡು ಸೀಸದಲ್ಲಿ ಎಂಟೇ ಗುಂಡುಗಳು! ಅದನ್ನು ಹೊರುವುದಕ್ಕೆ ಒಬ್ಬ ಆಳು ಬೇಕು, ಹಾರಿಸುವುದಕ್ಕೆ ಗಟ್ಟಿಮುಟ್ಟಾದ ಹೆಗಲು ಬೇಕು. ೧೮೮೯ರಲ್ಲಿ ಇಂಗ್ಲೆಂಡಿನಲ್ಲಿ ಕಾರ್ಡೈಟ್ ಎಂಬ ಹೊಗೆಯಿಲ್ಲದ ಮದ್ದು ಹುಟ್ಟಿದ ಮೇಲೆ ಕೋವಿಯ ರೂಪವೇ ಬದಲಾಯಿತು. ೧೮೯೮ರಲ್ಲಿ ರಿಗ್ಬಿ ಕಂಪೆನಿಯವರು ೪೫೦ರ ನೈಟ್ರೋ ಎಕ್ಸ್‌ಪ್ರೆಸ್ ತೋಟಾವನ್ನು ಹೊರತಂದರು. ೪೫೦ ಎಂದರೆ ನಳಿಗೆಯ ವ್ಯಾಸವು ಅಂಗುಲದ ಸಾವಿರ ಭಾಗಗಳಲ್ಲಿ ನಾನೂರೈವತ್ತು. ಸಣ್ಣ ನಳಿಗೆ, ಆದರೆ ಹಳೆಯ ದೈತ್ಯ ಕೋವಿಗಳಿಗೆ ಸಾಟಿಯಾದ ಪೆಟ್ಟು. ಲಂಡನ್ನಿನ ರಿಗ್ಬಿ, ಹಾಲೆಂಡ್ ಅಂಡ್ ಹಾಲೆಂಡ್, ಪರ್ಡಿ, ಬರ್ಮಿಂಗ್‌ಹ್ಯಾಮಿನ ವೆಸ್ಟ್ಲಿ ರಿಚರ್ಡ್ಸ್ ಮೊದಲಾದವರ ಜೋಡುನಳಿಗೆಯ ರೈಫಲುಗಳಿಗೆ ಇಲ್ಲಿಂದ ಮುಂದೆ ಸುವರ್ಣಯುಗ.

ಇಂಥ ಕೋವಿಯೊಂದು ಸಿದ್ಧವಾಗುವುದಕ್ಕೆ ಹಲವು ತಿಂಗಳು ಹಿಡಿಯುತ್ತಿತ್ತು. ನಳಿಗೆ ಮಾಡುವವನು ಒಬ್ಬ, ಯಂತ್ರಭಾಗವನ್ನು ಜೋಡಿಸುವವನು ಒಬ್ಬ, ಅಕ್ರೋಟು ಮರವನ್ನು ಕೆತ್ತುವವನು ಒಬ್ಬ, ಉಕ್ಕಿನ ಮೇಲೆ ಬಳ್ಳಿ ಚಿತ್ತಾರ ಕೊರೆಯುವವನು ಇನ್ನೊಬ್ಬ. ಎರಡು ಉಕ್ಕಿನ ಭಾಗಗಳು ಕೂದಲೆಳೆಯಷ್ಟೂ ಸಂದಿಲ್ಲದೆ ಕೂಡಬೇಕಾದರೆ ಅವರು ಅನುಸರಿಸುತ್ತಿದ್ದ ಉಪಾಯ ಬಹು ಸರಳ. ಎಣ್ಣೆದೀಪದ ಹೊಗೆಗೆ ಹಿಡಿದು ಒಂದು ಭಾಗಕ್ಕೆ ಕಾಡಿಗೆ ಹತ್ತಿಸುವುದು, ಅದನ್ನು ಇನ್ನೊಂದಕ್ಕೆ ಒತ್ತುವುದು, ಎಲ್ಲಿ ಕಪ್ಪು ಅಂಟಿತೋ ಅಲ್ಲಿ ಅರದಿಂದ ಒಂದಿಷ್ಟು ಉಜ್ಜುವುದು. ಮತ್ತೆ ಕಾಡಿಗೆ, ಮತ್ತೆ ಅರ. ಮರದ ಹಿಡಿಯನ್ನಾದರೋ ದರ್ಜಿಯು ಅಂಗಿಗೆ ಅಳತೆ ತೆಗೆದುಕೊಳ್ಳುವಂತೆ ಕೊಳ್ಳುವವನ ತೋಳು, ಕತ್ತು, ಕೆನ್ನೆಗಳನ್ನು ಅಳೆದು ರೂಪಿಸುತ್ತಿದ್ದರು. ಇದು ಅಲಂಕಾರವಲ್ಲ. ಮೃಗವು ಮೇಲೆ ಬೀಳುವಾಗ ನಿಶಾನೆಯನ್ನು ಹುಡುಕುತ್ತ ಕೂಡಲು ವ್ಯವಧಾನವೆಲ್ಲಿ? ಕೋವಿಯು ಹೆಗಲಿಗೆ ಬಂದೊಡನೆ ಕಣ್ಣು ತಾನಾಗಿ ನಿಶಾನೆಯ ನೇರಕ್ಕೆ ಬಂದಿರಬೇಕು.

ಇವರ ಕೆಲಸದಲ್ಲಿ ನಿಜವಾಗಿ ಬೆರಗುಗೊಳಿಸುವ ಭಾಗವೆಂದರೆ ಜೋಡುನಳಿಗೆಗಳ ಹೊಂದಾಣಿಕೆ. ಅಕ್ಕಪಕ್ಕದಲ್ಲಿರುವ ಎರಡು ನಳಿಗೆಗಳನ್ನು ಸಮಾನಾಂತರವಾಗಿ ಬೆಸೆದರೆ ಗುಂಡುಗಳು ಒಂದೇ ಕಡೆ ಬೀಳುವುವೆಂದು ನಾವು ನೀವು ತಿಳಿಯುತ್ತೇವೆ. ಹಾಗಾಗುವುದಿಲ್ಲ. ಬಲಗಡೆಯ ನಳಿಗೆ ಹಾರಿದಾಗ, ಗುಂಡು ಬಾಯಿಂದ ಹೊರಬೀಳುವ ಮೊದಲೇ ಕೋವಿಯು ಮೇಲಕ್ಕೂ ಬಲಕ್ಕೂ ಒದೆಯುತ್ತದೆ. ಎಡದ್ದು ಎಡಕ್ಕೆ ಒದೆಯುತ್ತದೆ. ಆದುದರಿಂದ ನಳಿಗೆಗಳ ಬಾಯಿಗಳು ಒಂದರ ಕಡೆಗೊಂದು ಸ್ವಲ್ಪ ವಾಲಿರಬೇಕು. ಎಷ್ಟು ವಾಲಿರಬೇಕೆಂಬುದನ್ನು ಯಾವ ಗಣಿತವೂ ಕರಾರುವಾಕ್ಕಾಗಿ ಹೇಳಲಾರದು. ಕುಶಲಕರ್ಮಿಯು ನಾಲ್ಕು ಗುಂಡು ಹಾರಿಸಿ ನೋಡುವನು, ಬೆಸುಗೆಯನ್ನು ಕಾಯಿಸಿ, ಬಾಯಿಗಳ ನಡುವಣ ಸಣ್ಣ ಬೆಣೆಯನ್ನು ಅಷ್ಟಿಷ್ಟು ಸರಿಸುವನು, ಮತ್ತೆ ಹಾರಿಸುವನು. ಐವತ್ತು ನೂರು ಗಜದಲ್ಲಿ ಎರಡು ನಳಿಗೆಯ ಗುಂಡುಗಳೂ ಒಂದು ಅಂಗೈಯಗಲದಲ್ಲಿ ಬೀಳುವವರೆಗೆ ಈ ತಪಸ್ಸು ನಡೆಯುತ್ತಿತ್ತು.

ಇಷ್ಟು ಪಾಡುಪಟ್ಟು ಪಡೆದ ಫಲವೇನು? ಒಂದೇ ಮರದ ಹಿಡಿಯಲ್ಲಿ ಎರಡು ಸ್ವತಂತ್ರವಾದ ಕೋವಿಗಳು. ಎರಡು ನಳಿಗೆ, ಎರಡು ಕುದುರೆ. ಒಂದು ಕೈಕೊಟ್ಟರೂ ಇನ್ನೊಂದು ಉಂಟು. ಮೊದಲ ಗುಂಡು ಸಾಲದಾದರೆ ಕೈಯನ್ನು ಕದಲಿಸದೆ ಎರಡನೆಯದು ಹಾರುತ್ತದೆ. ಹತ್ತಿರದಿಂದ ಆನೆಯನ್ನೂ ಕಾಟಿಯನ್ನೂ ಎದುರಿಸುವವರಿಗೆ ಇದಕ್ಕಿಂತ ದೊಡ್ಡ ಧೈರ್ಯ ಮತ್ತೊಂದಿರಲಿಲ್ಲ. ನಮ್ಮ ದೇಶದ ರಾಜಮಹಾರಾಜರು ಲಂಡನ್ನಿನ ಈ ಕಮ್ಮಟಗಳಿಗೆ ದೊಡ್ಡ ಗಿರಾಕಿಗಳಾಗಿದ್ದುದು ಬರಿಯ ಆಡಂಬರಕ್ಕಲ್ಲ. ಆಡಂಬರವೂ ಇತ್ತೆನ್ನಿ.

ಆದರೆ ಆ ಹೊಂದಾಣಿಕೆಯು ಒಂದೇ ಬಗೆಯ ತೋಟಾಕ್ಕೆ ಕಟ್ಟುಬಿದ್ದುದು. ಗುಂಡಿನ ತೂಕವನ್ನೋ ಮದ್ದಿನ ಪ್ರಮಾಣವನ್ನೋ ಬದಲಾಯಿಸಿದರೆ ಎರಡು ನಳಿಗೆಗಳೂ ಎರಡು ದಾರಿ ಹಿಡಿಯುತ್ತಿದ್ದವು. ಕಾರ್ಡೈಟಾದರೋ ಬಿಸಿಲಿಗೆ ಉಗ್ರವಾಗುವ ಮದ್ದು. ಇಂಗ್ಲೆಂಡಿನ ಚಳಿಯಲ್ಲಿ ಸರಿಯಾಗಿದ್ದ ತೋಟಾ ನಮ್ಮ ಬೇಸಗೆಯಲ್ಲಿ ಹೆಚ್ಚು ಒತ್ತಡ ಹುಟ್ಟಿಸುತ್ತಿತ್ತು. ಇದಕ್ಕಾಗಿಯೇ ಉಷ್ಣದೇಶಗಳಿಗೆಂದು ಮದ್ದು ಕಡಿಮೆ ಮಾಡಿದ ತೋಟಾಗಳನ್ನು ಬೇರೆಯಾಗಿ ತಯಾರಿಸಬೇಕಾಯಿತು.

ಇನ್ನು ಕಾರ್ಖಾನೆಯ ಕಡೆಗೆ ಬರೋಣ. ೧೮೫೧ರಲ್ಲಿ ಲಂಡನ್ನಿನಲ್ಲಿ ನಡೆದ ಮಹಾ ವಸ್ತುಪ್ರದರ್ಶನಕ್ಕೆ ಅಮೆರಿಕದ ರಾಬಿನ್ಸ್ ಅಂಡ್ ಲಾರೆನ್ಸ್ ಎಂಬ ಕಂಪೆನಿಯವರು ಆರು ರೈಫಲುಗಳನ್ನು ತಂದಿಟ್ಟರು. ಅವುಗಳ ವಿಶೇಷವೆಂದರೆ ಒಂದರ ಬಿಡಿಭಾಗವನ್ನು ತೆಗೆದು ಇನ್ನೊಂದಕ್ಕೆ ಹಾಕಬಹುದಾಗಿತ್ತು. ಅರ, ಕಾಡಿಗೆ ಯಾವುದೂ ಬೇಡ! ಇಂಗ್ಲಿಷ್ ಸರ್ಕಾರವು ಕಣ್ಣು ತೆರೆದು ಕೆಲವೇ ವರ್ಷಗಳಲ್ಲಿ ಎನ್‌ಫೀಲ್ಡಿನ ತನ್ನ ಕಾರ್ಖಾನೆಗೆ ಅಮೆರಿಕದ ಯಂತ್ರಗಳನ್ನು ತರಿಸಿತು. ಬರ್ಮಿಂಗ್‌ಹ್ಯಾಮಿನ ಕೋವಿ ಕಸುಬಿನವರೂ ೧೮೬೧ರಲ್ಲಿ ಒಟ್ಟುಗೂಡಿ ಬಿ. ಎಸ್. ಎ. ಕಂಪೆನಿಯನ್ನು ಕಟ್ಟಿಕೊಂಡರು.

ಈ ಪಂಥದಲ್ಲಿ ಮೇಲುಗೈಯಾದುದು ಜರ್ಮನಿಯ ಓಬರ್ನ್‌ಡಾರ್ಫಿನ ಮೌಸರ್ ಕಾರ್ಖಾನೆಯ ರೈಫಲು. ಪಾಲ್ ಮೌಸರನು ರಚಿಸಿದ ೧೮೯೮ರ ಮಾದರಿಯನ್ನು ಜರ್ಮನ್ ಸೈನ್ಯವು ಸ್ವೀಕರಿಸಿತು. ಬಾಗಿಲಿನ ಅಗುಳಿಯಂತೆ ಹಿಂದಕ್ಕೂ ಮುಂದಕ್ಕೂ ಸರಿಯುವ ಅದರ ಬೋಲ್ಟಿನ ಪಕ್ಕದಲ್ಲಿ ಉದ್ದವಾದ ಒಂದು ಉಕ್ಕಿನ ಉಗುರುಂಟು. ತೋಟಾವು ಪೆಟ್ಟಿಗೆಯಿಂದ ಮೇಲೆದ್ದೊಡನೆ ಈ ಉಗುರು ಅದರ ಅಂಚನ್ನು ಹಿಡಿಯುತ್ತದೆ. ಹಾರಿದ ಮೇಲೆ ಖಾಲಿ ಕೊಳವೆಯನ್ನು ಹೊರಗೆಸೆಯುವವರೆಗೆ ಬಿಡುವುದಿಲ್ಲ. ಸಾಲದುದಕ್ಕೆ ಒಂದೇ ಮಾದರಿಯನ್ನು ಲಕ್ಷಾಂತರ ಸಿಪಾಯಿಗಳು ಕೆಸರಿನಲ್ಲಿ, ಧೂಳಿನಲ್ಲಿ, ಮಂಜಿನಲ್ಲಿ ಹಾರಿಸಿ ಹಾರಿಸಿ ಅದರ ಲೋಪಗಳೆಲ್ಲ ಬಯಲಾಗಿ ತಿದ್ದುಪಡಿಯಾಗಿದ್ದವು. ಹೇಳಿ ಮಾಡಿಸಿದ ಕೋವಿಗೆ ಈ ಸೌಲಭ್ಯವಿಲ್ಲ. ಎಷ್ಟೇ ನಿಪುಣನ ಕೈಯಿಂದ ಬಂದರೂ ಅದರಲ್ಲಿ ಪ್ರತಿಯೊಂದೂ ಒಂದು ಮೊದಲ ಪ್ರಯತ್ನ.

ಇದನ್ನು ಯಾರಿಗಿಂತಲೂ ಚೆನ್ನಾಗಿ ಅರಿತವರು ಆ ಕುಶಲಕರ್ಮಿಗಳೇ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ರಿಗ್ಬಿ ಕಂಪೆನಿಯವರು ಬ್ರಿಟನ್ನಿನಲ್ಲಿ ಮೌಸರ್ ಕಾರ್ಖಾನೆಯ ಪ್ರತಿನಿಧಿಗಳಾದರು. ಓಬರ್ನ್‌ಡಾರ್ಫಿನಿಂದ ಯಂತ್ರಭಾಗವನ್ನು ತರಿಸಿ, ಅದಕ್ಕೆ ಲಂಡನ್ನಿನಲ್ಲಿ ನಯವಾದ ಮರವನ್ನೂ ನಿಶಾನೆಯನ್ನೂ ಕೂಡಿಸಿ, ತಮ್ಮ ಹೆಸರನ್ನು ಕೊರೆದು ಮಾರತೊಡಗಿದರು. ಅವರ ೨೭೫ರ ರೈಫಲು ಹಾರಿಸುತ್ತಿದ್ದುದು ಮೌಸರನ ಏಳು ಮಿಲಿಮೀಟರಿನ ಸೈನಿಕ ತೋಟಾವನ್ನೇ. ಇದನ್ನು ಹಸ್ತನಿರ್ಮಿತವೆನ್ನೋಣವೆ, ಯಂತ್ರನಿರ್ಮಿತವೆನ್ನೋಣವೆ? ಹೃದಯ ಕಾರ್ಖಾನೆಯದು, ಮೈ ಕಮ್ಮಟದ್ದು.

ಜಿಮ್ ಕಾರ್ಬೆಟ್ಟರ ಕೈಗೆ ಬಂದುದು ಇಂಥದೇ ಒಂದು. ೧೯೦೭ರಲ್ಲಿ ಅವರು ಚಂಪಾವತದ ನರಭಕ್ಷಕ ಹೆಣ್ಣುಹುಲಿಯನ್ನು ಕೊಂದುದಕ್ಕಾಗಿ ಸಂಯುಕ್ತ ಪ್ರಾಂತದ ಲೆಫ್ಟಿನೆಂಟ್ ಗವರ್ನರ್ ಸರ್ ಜಾನ್ ಹ್ಯೂಯೆಟ್ಟರು ೨೭೫ರ ರಿಗ್ಬಿ ರೈಫಲನ್ನು ಬಹುಮಾನವಾಗಿ ಕೊಟ್ಟರು. ಆ ಬೇಟೆಯ ಕೊನೆಯ ಗಳಿಗೆಯು ನಮ್ಮ ವಿಷಯಕ್ಕೆ ತಕ್ಕ ನಿದರ್ಶನ. ಕಾರ್ಬೆಟ್ಟರಲ್ಲಿದ್ದುದು ಮೂರೇ ತೋಟಾ. ಮೂರೂ ಮುಗಿದವು, ಹುಲಿ ಇನ್ನೂ ಸತ್ತಿರಲಿಲ್ಲ. ಜೊತೆಯಲ್ಲಿದ್ದ ತಹಶೀಲ್ದಾರರ ಕೋವಿಯನ್ನು ಕೈಗೆ ತೆಗೆದುಕೊಂಡು ಹುಲಿಯ ಸಮೀಪಕ್ಕೆ ಹೋಗಿ ನೋಡಿದರೆ, ಆ ಕೋವಿಯ ನಳಿಗೆಗೂ ಹಿಂಭಾಗಕ್ಕೂ ನಡುವೆ ಕಣ್ಣಿಗೆ ಕಾಣುವಷ್ಟು ಸಂದು! ಕೆಲವೇ ಅಡಿ ದೂರದಿಂದ ಬಾಯಿಗೆ ಗುರಿಯಿಟ್ಟು ಹೊಡೆದ ಗುಂಡು ಮುಂಗಾಲ ಪಂಜಕ್ಕೆ ಬಿತ್ತು. ಹುಲಿಯ ಶಕ್ತಿ ಆಗಲೇ ಉಡುಗಿದ್ದುದು ಪುಣ್ಯ. ಅಂಥ ಅನುಭವದ ಬೆನ್ನಿಗೆ ದೊರೆತ ರಿಗ್ಬಿಯನ್ನು ಕಾರ್ಬೆಟ್ಟರು ಎಷ್ಟು ನೆಚ್ಚಿದರೆಂಬುದಕ್ಕೆ, ೧೯೨೬ರಲ್ಲಿ ರುದ್ರಪ್ರಯಾಗದ ಚಿರತೆಯನ್ನು ಕೊಂದುದೂ ಅದರಿಂದಲೇ ಎಂಬುದು ಸಾಕ್ಷಿ.

ಆಫ್ರಿಕದಲ್ಲಿ ಸಾವಿರಕ್ಕೂ ಮಿಕ್ಕು ಆನೆಗಳನ್ನು ಕೆಡವಿದ ಬೆಲ್ ಎಂಬ ಸ್ಕಾಟ್ಲೆಂಡಿನವನೂ ಬಹುಪಾಲು ಆನೆಗಳನ್ನು ಈ ಸಣ್ಣ ತೋಟಾದಿಂದಲೇ ಹೊಡೆದನು. ಆ ಸಂಖ್ಯೆಯನ್ನು ಕೇಳಿದರೆ ಇಂದು ಮೈ ನಡುಗುತ್ತದೆ. ಅವನಿಗೆ ಆನೆಯ ತಲೆಬುರುಡೆಯ ಒಳರಚನೆ ಕರತಲಾಮಲಕವಾಗಿತ್ತು. ಅದನ್ನು ಅರಿಯದವರು ಅವನನ್ನು ಅನುಸರಿಸಹೊರಟರೆ ಅನಾಹುತವೇ. ೧೯೦೯ರಲ್ಲಿ ಆಫ್ರಿಕಕ್ಕೆ ಹೋದ ಅಮೆರಿಕದ ಮಾಜಿ ಅಧ್ಯಕ್ಷ ಥಿಯೊಡೋರ್ ರೂಸ್ವೆಲ್ಟರಾದರೋ ಎರಡು ದೋಣಿಯಲ್ಲಿಯೂ ಕಾಲಿಟ್ಟರು. ಇಂಗ್ಲೆಂಡಿನ ಮಿತ್ರರು ಕೊಟ್ಟ ಹಾಲೆಂಡ್ ಜೋಡುನಳಿಗೆ ಒಂದು, ಕಾರ್ಖಾನೆಯಿಂದ ಬಂದ ವಿಂಚೆಸ್ಟರ್ ೪೦೫ ಇನ್ನೊಂದು. ಈ ಎರಡನೆಯದು ಬೆಂಗಳೂರಿಗರಿಗೆ ಅಪರಿಚಿತವಲ್ಲ. ನಮ್ಮ ಊರಿನಲ್ಲಿಯೇ ಬಾಳಿದ ಕೆನೆತ್ ಆಂಡರ್ಸನ್ನರ ಸಂಗಾತಿಯೂ ವಿಂಚೆಸ್ಟರ್ ೪೦೫ ಆಗಿತ್ತು. ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ ಆಂಡರ್ಸನ್ನರ ಕಾಡಿನ ಕತೆಗಳನ್ನು ಓದಿದವರು, ಆ ಸಾಧಾರಣ ಕೋವಿಯು ಎಂಥೆಂಥ ಇಕ್ಕಟ್ಟುಗಳಲ್ಲಿ ಅವರ ಕೈಯಲ್ಲಿತ್ತೆಂಬುದನ್ನು ಬಲ್ಲರು.

ಹೇಳಿ ಮಾಡಿಸಿದ ಕೋವಿಗೆ ಅನಿರೀಕ್ಷಿತವಾದ ಪೆಟ್ಟು ಕೊಟ್ಟದ್ದು ಸರ್ಕಾರ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಬ್ರಿಟಿಷ್ ಅಧಿಕಾರಿಗಳು ಭಾರತಕ್ಕೂ ಸುಡಾನಿಗೂ ೪೫೦ರ ರೈಫಲುಗಳು ಬರಕೂಡದೆಂದು ನಿಷೇಧಿಸಿದರು. ಸೈನ್ಯದ ಹಳೆಯ ಮಾರ್ಟಿನಿ ಹೆನ್ರಿ ಬಂದೂಕದ ನಳಿಗೆಯೂ ಇದೇ ಅಳತೆಯದು. ಬೇಟೆಯ ಗುಂಡುಗಳು ದಂಗೆಕೋರರ ಬಂದೂಕಗಳಿಗೆ ಒದಗಿಯಾವೆಂಬುದು ಅವರ ಭಯ. ಕಮ್ಮಟದವರೆಲ್ಲ ಹೊಸ ಅಳತೆಗಳನ್ನು ಹುಡುಕಬೇಕಾಯಿತು. ಹಾಲೆಂಡರು ೧೯೦೭ರಲ್ಲಿ ೪೬೫, ಲ್ಯಾಂಗರು ೪೭೦, ವೆಸ್ಟ್ಲಿ ರಿಚರ್ಡ್ಸರು ೪೭೬, ಹೀಗೆ ಮನೆಗೊಂದು ತೋಟಾ ಹುಟ್ಟಿತು. ಕೊಂಡವನು ತೋಟಾಕ್ಕಾಗಿ ತನ್ನ ಕಮ್ಮಟದ ಬಾಗಿಲನ್ನೇ ಕಾಯುವಂತಾಯಿತು. ಕಾರ್ಖಾನೆಯ ಆಶ್ರಯದಲ್ಲಿದ್ದವರ ಬಾಳೂ ನಿಷ್ಕಂಟಕವಾಗಿರಲಿಲ್ಲ. ೧೯೧೪ರಲ್ಲಿ ಯುದ್ಧ ಮೊದಲಾದೊಡನೆ ಲಂಡನ್ನಿಗೆ ಜರ್ಮನಿಯ ಮೌಸರುಗಳು ಬರುವುದು ನಿಂತೇಹೋಯಿತು.

ಆ ಕಾಲದ ಬೇಟೆಗಾರನೊಬ್ಬನು ನಮ್ಮ ಸಲಹೆ ಕೇಳಿದ್ದರೆ ನಾವು ಏನು ಹೇಳುತ್ತಿದ್ದೆವು? ದಟ್ಟವಾದ ಕಾಡಿನಲ್ಲಿ ಆನೆ, ಕಾಟಿಗಳ ಹತ್ತಿರ ಸುಳಿಯುವವನಾದರೆ, ಹಣವೂ ಇದ್ದರೆ, ಜೋಡುನಳಿಗೆಯೇ ಸರಿ. ಉಳಿದ ಎಲ್ಲರಿಗೂ ಕಾರ್ಖಾನೆಯ ಯಂತ್ರಭಾಗ, ಮೈಗೆ ಹೊಂದುವ ಮರ, ಇವೆರಡು ಸಾಕು; ಚಿತ್ತಾರಕ್ಕೆ ತೆರುವ ಹಣವನ್ನು ಗುರಿಯ ಅಭ್ಯಾಸದ ತೋಟಾಗಳಿಗೆ ತೆತ್ತರೆ ಅವನಿಗೂ ಕ್ಷೇಮ, ಮೃಗಕ್ಕೂ ನರಳಾಟ ಕಡಿಮೆ. ಒಂದು ಜೋಡುನಳಿಗೆಯ ಬೆಲೆಯಲ್ಲಿ ಹಲವು ಮೌಸರುಗಳನ್ನು ಕೊಳ್ಳಬಹುದಾಗಿದ್ದ ಕಾಲವದು.

ಎರಡನೆಯ ಮಹಾಯುದ್ಧದ ಮೇಲೆ ಸಾಮ್ರಾಜ್ಯವು ಕರಗಿತು, ಗಿರಾಕಿಗಳೂ ಕರಗಿದರು. ದೊಡ್ಡ ನೈಟ್ರೋ ತೋಟಾಗಳನ್ನು ತಯಾರಿಸುತ್ತಿದ್ದ ಕೈನಾಕ್ ಸಂಸ್ಥೆಯು ೧೯೬೦ರ ದಶಕದಿಂದೀಚೆಗೆ ಆ ಕೆಲಸವನ್ನು ಕೈಬಿಟ್ಟಿತು. ತಿಂಗಳುಗಟ್ಟಲೆ ಕಾಡಿಗೆ ಹಚ್ಚಿ ಉಜ್ಜಿ ಹೊಂದಿಸಿದ ಕೋವಿಗಳು ತೋಟಾವಿಲ್ಲದೆ ಮೂಗಾದವು. ೪೭೦ರಂಥ ಒಂದೆರಡು ತೋಟಾಗಳು ಮುಂದೆ ಮತ್ತೆ ತಯಾರಾಗತೊಡಗಿದುವು. ಸಿಪಾಯಿಗಳಿಗೆಂದು ಹುಟ್ಟಿದ ಮೌಸರನ ಏಳು ಮಿಲಿಮೀಟರಿನ ತೋಟಾವಾದರೋ ಒಂದು ವರ್ಷವೂ ನಿಲ್ಲಲಿಲ್ಲ. ಇಂದಿಗೂ ಹಲವು ದೇಶಗಳ ಕಾರ್ಖಾನೆಗಳಿಂದ ಪೆಟ್ಟಿಗೆ ಪೆಟ್ಟಿಗೆಯಾಗಿ ಹೊರಬರುತ್ತಿದೆ. ಕಾರ್ಬೆಟ್ಟರ ರಿಗ್ಬಿಯನ್ನು ೨೦೧೫ರಲ್ಲಿ ರಿಗ್ಬಿ ಕಂಪೆನಿಯವರೇ ಮರಳಿ ಪಡೆದರು; ಹ್ಯೂಯೆಟ್ಟರು ಅದಕ್ಕೆ ಹಾಕಿಸಿದ ಬೆಳ್ಳಿಯ ಫಲಕವು ಅದರ ಮರದಲ್ಲಿ ಹಾಗೆಯೇ ಇದೆ.