ನ್ಯೂಕ್ಲಿಯೊಸೈಡ್ ಡೈಫಾಸ್ಫೇಟ್ ಕೈನೇಸ್

ಜೀವಕೋಶದ ಶಕ್ತಿವಾಹಕ ಅಣುವಾದ ಎಟಿಪಿಯ ತುದಿಯ ಫಾಸ್ಫೇಟನ್ನು ಬಿಡಿಸಿ ಜಿಡಿಪಿ, ಸಿಡಿಪಿ, ಯುಡಿಪಿಯಂಥ ನ್ಯೂಕ್ಲಿಯೊಟೈಡುಗಳಿಗೆ ಜೋಡಿಸುವ ಕಿಣ್ವ. ಹೀಗೆ ಉಂಟಾಗುವ ಜಿಟಿಪಿ, ಸಿಟಿಪಿ, ಯುಟಿಪಿಗಳು ಆರ್‌ಎನ್‌ಎ ರಚನೆಗೆ ಬೇಕು. ಡಿಎನ್‌ಎ ರಚನೆಗೆ ಡಿಆಕ್ಸಿ ರೂಪಗಳು ಬೇಕು, ಅಲ್ಲಿ ಯುಟಿಪಿಯ ಜಾಗದಲ್ಲಿ ಡಿಟಿಟಿಪಿ ಇರುತ್ತದೆ. ಬ್ಯಾಕ್ಟೀರಿಯದಿಂದ ಮನುಷ್ಯನವರೆಗೆ ಬಹುಪಾಲು ಜೀವಿಗಳಲ್ಲಿ ಇದು ಇದೆ.

ಶೋಧ: 1953ರಲ್ಲಿ ಎರಡು ತಂಡಗಳು ಪ್ರತ್ಯೇಕವಾಗಿ ಇದನ್ನು ಗುರುತಿಸಿದವು. ಇಂಗ್ಲೆಂಡಿನಲ್ಲಿ ಹ್ಯಾನ್ಸ್ ಕ್ರೆಬ್ಸ್ ಮತ್ತು ರೆಜಿನಾಲ್ಡ್ ಹೆಮ್ಸ್, ಕೋಪನ್‌ಹೇಗನ್ನಿನಲ್ಲಿ ಪಾಲ್ ಬರ್ಗ್ ಮತ್ತು ವುಲ್ಫ್‌ಗ್ಯಾಂಗ್ ಜೋಕ್ಲಿಕ್. ಕಿಣ್ವದ ಕೆಲಸ ಎರಡು ಹಂತದ್ದು ಎಂಬುದು ಮುಂದೆ ತಿಳಿಯಿತು. ಮೊದಲು ಫಾಸ್ಫೇಟು ಕಿಣ್ವದ ಒಂದು ಹಿಸ್ಟಿಡಿನ್‌ಗೆ ಅಂಟಿಕೊಳ್ಳುತ್ತದೆ, ಬಳಿಕ ಅಲ್ಲಿಂದ ಎರಡನೆಯ ನ್ಯೂಕ್ಲಿಯೊಟೈಡಿಗೆ ದಾಟುತ್ತದೆ. ಈ ಕ್ರಿಯೆ ಹಿಂದಕ್ಕೂ ನಡೆಯಬಲ್ಲದು.

ಹೊಸ ಮಹತ್ವ: ಬಹುಕಾಲ ಇದನ್ನು ಜೀವಕೋಶದ ದೈನಂದಿನ ನಿರ್ವಹಣೆಯ ಕಿಣ್ವವೆಂದಷ್ಟೇ ಎಣಿಸಲಾಗಿತ್ತು. 1988ರಲ್ಲಿ ಅಮೆರಿಕದ ಪೆಟ್ರೀಷಿಯಾ ಸ್ಟೀಗ್ ಮತ್ತು ಸಂಗಡಿಗರು, ದೇಹದ ಬೇರೆಡೆಗೆ ಬೇಗ ಹರಡುವ ಇಲಿಯ ಕ್ಯಾನ್ಸರ್ ಕೋಶಗಳಲ್ಲಿ ಎನ್‌ಎಂ23 ಎಂಬ ಜೀನಿನ ಚಟುವಟಿಕೆ ಕಡಿಮೆಯಿರುವುದನ್ನು ಕಂಡರು. ಆ ಜೀನು ರೂಪಿಸುವುದು ಇದೇ ಕಿಣ್ವವನ್ನು ಎಂಬುದು ಕೆಲವೇ ವರ್ಷಗಳಲ್ಲಿ ಖಚಿತವಾಯಿತು. ಹಣ್ಣಿನ ನೊಣದ ರೆಕ್ಕೆಯ ಬೆಳವಣಿಗೆಗೆ ಬೇಕಾದ ಎಡಬ್ಲ್ಯುಡಿ ಜೀನು ರೂಪಿಸುವುದೂ ಇದೇ ಕಿಣ್ವವನ್ನು.

ಭಾರತದಲ್ಲಿ ಸಂಶೋಧನೆ: ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ಕೆ. ಎಸ್. ಕೃಷ್ಣನ್, ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದ ಮಣಿ ರಾಮಸ್ವಾಮಿ ಮತ್ತಿತರರು 2001ರಲ್ಲಿ ಹಣ್ಣಿನ ನೊಣದ ನರಗಳನ್ನು ಪರಿಶೀಲಿಸಿದರು. ನರದ ತುದಿಯಲ್ಲಿ ಸಂದೇಶ ಒಯ್ಯುವ ಕೋಶಿಕೆಗಳು ಮರುಬಳಕೆಯಾಗಲು ಡೈನಮಿನ್ ಪ್ರೋಟೀನಿಗೆ ಜಿಟಿಪಿ ಬೇಕು, ಅದನ್ನು ಒದಗಿಸುವ ಮೂಲ ಈ ಕಿಣ್ವ ಎಂದು ತೋರಿಸಿದರು. ಕೃಷ್ಣನ್ ಮುಂದೆ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಕೆಲಸ ಮಾಡಿದರು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿ. ಅಜಿತ್‌ಕುಮಾರ್ ತಂಡ ಕ್ಷಯರೋಗಾಣುವಿನ ಕುಲವಾದ ಮೈಕೊಬ್ಯಾಕ್ಟೀರಿಯದಲ್ಲಿ ಇದನ್ನು ಅಭ್ಯಸಿಸಿತು. ಬ್ಯಾಕ್ಟೀರಿಯ ಎರಡಾಗಿ ಒಡೆಯುವ ಜಾಗದಲ್ಲಿ ಎಫ್‌ಟಿಎಸ್‌ಜೆಡ್ ಎಂಬ ಪ್ರೋಟೀನು ಉಂಗುರ ಕಟ್ಟುತ್ತದೆ. ಈ ಕಿಣ್ವ ಅದರೊಂದಿಗೆ ಕೂಡಿ ಜಿಡಿಪಿಯನ್ನು ಜಿಟಿಪಿಯಾಗಿಸಿ, ಎಫ್‌ಟಿಎಸ್‌ಜೆಡ್ ಅಣುಗಳು ಸರಪಳಿಗಟ್ಟಲು ಚಾಲನೆ ಕೊಡುತ್ತದೆ ಎಂದು 2015ರಲ್ಲಿ ತಂಡ ಪ್ರಕಟಿಸಿತು.

ಎಟಿಪಿ, ಜಿಟಿಪಿಗಳಂಥ ಅಣುಗಳು ಹೊತ್ತ ಶಕ್ತಿ ಕೋಶದಲ್ಲಿದ್ದರೆ ಸಾಲದು, ಬೇಕಾದ ಜಾಗದಲ್ಲಿ ಬೇಕಾದ ರೂಪದಲ್ಲಿ ದೊರೆಯಬೇಕು. ಈ ತಿಳಿವಳಿಕೆಯನ್ನು ಗಟ್ಟಿಗೊಳಿಸಿದವರಲ್ಲಿ ಭಾರತದ ಈ ಪ್ರಯೋಗಾಲಯಗಳೂ ಸೇರಿವೆ.