ಉಡುಪಿ ಜಿಲ್ಲೆಯಲ್ಲಿ ವಸತಿ ರಕ್ಷಣೆಗೆ ಉಚಿತ ಕಾನೂನು ನೆರವು

ಮನೆ ಕಳೆದುಕೊಳ್ಳುವ ಭೀತಿಯಲ್ಲಿರುವವರಿಗೆ ಉಡುಪಿ ಜಿಲ್ಲೆಯಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವು ಶುಲ್ಕವಿಲ್ಲದೆ ವಕೀಲರನ್ನು ಒದಗಿಸುತ್ತದೆ. ಸಂವಿಧಾನದ 39ಎ ವಿಧಿಯ ಆಶಯದಂತೆ ರೂಪುಗೊಂಡು 1995ರ ನವೆಂಬರ್ 9ರಂದು ಜಾರಿಗೆ ಬಂದ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ, 1987 ಇದಕ್ಕೆ ಆಧಾರ. ಜಿಲ್ಲಾ ನ್ಯಾಯಾಧೀಶರು ಇದರ ಅಧ್ಯಕ್ಷರು. ಕಾರ್ಕಳ ಮತ್ತು ಕುಂದಾಪುರಗಳಲ್ಲಿ ತಾಲ್ಲೂಕು ಸಮಿತಿಗಳಿವೆ. ಸಹಾಯವಾಣಿ ಸಂಖ್ಯೆ 15100.

ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಹಾಗೂ ನೆರೆಯಂತಹ ವಿಕೋಪಗಳ ಸಂತ್ರಸ್ತರಿಗೆ ಆದಾಯದ ಮಿತಿ ಅನ್ವಯಿಸುವುದಿಲ್ಲ. ಉಳಿದವರಿಗೆ ಸಾಮಾನ್ಯವಾಗಿ ಆದಾಯವೇ ಮಾನದಂಡ.

ಮನೆ ತಪ್ಪುವುದು ಬಾಡಿಗೆ ಬಾಕಿಯಿಂದಷ್ಟೇ ಅಲ್ಲ. ಗಂಡನ ಮನೆಯಿಂದ ಹೊರದಬ್ಬಲ್ಪಟ್ಟ ಮಹಿಳೆಗೆ, ಮನೆ ಆಕೆಯ ಹೆಸರಿನಲ್ಲಿ ಇಲ್ಲದಿದ್ದರೂ, ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ, 2005ರ 17ನೇ ಕಲಂ ವಾಸದ ಹಕ್ಕು ನೀಡುತ್ತದೆ. ಆರೈಕೆಯ ಷರತ್ತಿನೊಂದಿಗೆ ಮಕ್ಕಳಿಗೆ ಮನೆಯನ್ನು ದಾನಪತ್ರ ಮಾಡಿಕೊಟ್ಟು ಬೀದಿಪಾಲಾದ ಹಿರಿಯರು, 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಡಿ ಆ ಪತ್ರವನ್ನು ರದ್ದುಪಡಿಸಿಕೊಳ್ಳಬಹುದು. ಅರ್ಜಿ ಸಲ್ಲಬೇಕಾದದ್ದು ನ್ಯಾಯಾಲಯಕ್ಕಲ್ಲ, ಕುಂದಾಪುರದ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ. ಬಾಡಿಗೆದಾರನನ್ನು ಕಾನೂನು ಕ್ರಮವಿಲ್ಲದೆ ಬಲವಂತವಾಗಿ ತೆರವುಗೊಳಿಸಿದರೆ, ನಿರ್ದಿಷ್ಟ ಪರಿಹಾರ ಕಾಯ್ದೆ, 1963ರ 6ನೇ ಕಲಮಿನಡಿ ಸ್ವಾಧೀನವನ್ನು ಮರಳಿ ಕೇಳಲು ಆರು ತಿಂಗಳ ಗಡುವಿದೆ. ನೆರವು ಕೋರುವುದು ತಡವಾದರೆ ಈ ದಾರಿ ಮುಚ್ಚಿಹೋಗುತ್ತದೆ.